ಪತ್ರಿಕೆ ಸುಮ್ಮನಿದ್ದಾಗ ಜನ ಏನು ಮಾತಾಡುತ್ತಿದ್ದರು?

ಅರಸರ ಬಗ್ಗೆ ಪತ್ರಿಕೆಗಳು ಏನು ಬರೆದವು, ಜನ ಏನಂದುಕೊಂಡರು ಅಂತ ಹುಡುಕುವುದು ಇತಿಹಾಸದ ಮೇಷ್ಟ್ರಾದ ನನ್ನ ಕೆಲಸ. ಸಂಶೋಧನೆಗೆ ಹೊಸದಾಗಿ ಬಂದವರು ಹಳೇ ಪತ್ರಿಕೆಯ ಸಂಪಾದಕೀಯ ಹಿಡಿದು, 'ಆಗ ಜನರ ಅಭಿಪ್ರಾಯ ಹೀಗಿತ್ತು ಸಾರ್' ಅಂತ ಬರೆದು ತರುತ್ತಾರೆ. ಆಗೆಲ್ಲ ನಾನು ಅವರಿಗೆ 1936ರ ಬ್ರಿಟನ್ ಓದಲು ಹೇಳುತ್ತೇನೆ.

ಆ ವರ್ಷ ಎಂಟನೇ ಎಡ್ವರ್ಡ್ ದೊರೆ. ವಾಲಿಸ್ ಸಿಂಪ್ಸನ್ ಎಂಬ ಅಮೆರಿಕದ ವಿವಾಹಿತೆಯ ಜೊತೆ ಅವನ ಒಡನಾಟ ಅಮೆರಿಕದ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಅಕ್ಟೋಬರ್ 27ರಂದು ಇಪ್ಸ್‌ವಿಚ್ ಕೋರ್ಟಿನಲ್ಲಿ ಆಕೆಯ ವಿಚ್ಛೇದನದ ಅರ್ಜಿ ವಿಚಾರಣೆಗೆ ಬಂತು. ಬ್ರಿಟಿಷ್ ಪತ್ರಿಕೆಗಳಲ್ಲಿ ಅದೊಂದು ಸಣ್ಣ ಕೋರ್ಟು ಸುದ್ದಿ ಅಷ್ಟೇ. ದೊರೆಯ ಹೆಸರೇ ಇಲ್ಲ! ಅಮೆರಿಕದಿಂದ ಬಂದ 'ಟೈಮ್' ಪತ್ರಿಕೆಯ ಪ್ರತಿಗಳಲ್ಲಿ ಆ ಭಾಗವನ್ನು ಕತ್ತರಿಯಿಂದ ಕತ್ತರಿಸಿ ತೆಗೆದು ಮಾರುತ್ತಿದ್ದರು.

ಇದಕ್ಕೆ ಕಾನೂನಿನ ಬಲವಂತ ಇರಲಿಲ್ಲ. ಪತ್ರಿಕಾ ಒಡೆಯ ಲಾರ್ಡ್ ಬೀವರ್‌ಬ್ರೂಕ್‌ನನ್ನು ದೊರೆಯೇ ಕರೆಸಿ ಕೇಳಿಕೊಂಡಿದ್ದ. ಒಡೆಯರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಬಾಯಿ ಕಟ್ಟಿಕೊಂಡರು. ನಮ್ಮ ಮೈಸೂರಿನಲ್ಲಿ ನಡೆದದ್ದೇ ಬೇರೆ. 1908ರಲ್ಲಿ ಸಂಸ್ಥಾನದ ಸರ್ಕಾರ ಪತ್ರಿಕೆಗಳನ್ನು ಹಿಡಿತಕ್ಕೆ ತರುವ ಕಾನೂನು ಮಾಡಿತು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ವಿರೋಧಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅರಮನೆಗೆ ಬೇಕಾಗಿ ಸುಮ್ಮನಿರುವುದೂ ಅರಮನೆಯನ್ನು ಎದುರು ಹಾಕಿಕೊಂಡು ಸುಮ್ಮನಾಗುವುದೂ ಒಂದೇ ಅಲ್ಲ, ಅಲ್ವಾ? ಆದರೆ ಕಡತದಲ್ಲಿ ಎರಡೂ ಖಾಲಿ ಜಾಗದ ಹಾಗೇ ಕಾಣುತ್ತವೆ. ಹಾಗಾಗಿ ಸುದ್ದಿ ಇಲ್ಲದ ದಿನಗಳನ್ನೂ ಗುರುತು ಹಾಕಿಕೊಳ್ಳಿ ಅಂತ ನಾನು ಜಾಸ್ತಿ ಒತ್ತಿ ಹೇಳುತ್ತೇನೆ.

ಬ್ರಿಟನ್ನಿನ ಮೌನ ಮುರಿದದ್ದು ಡಿಸೆಂಬರ್‌ನಲ್ಲಿ. 1ನೇ ತಾರೀಖು ಬ್ರಾಡ್‌ಫರ್ಡ್‌ನ ಬಿಷಪ್ ಬ್ಲಂಟ್, ದೊರೆಗೆ ದೇವರ ಕೃಪೆ ಬೇಕು, ಅದರ ಅರಿವು ಅವನಲ್ಲಿ ಇನ್ನಷ್ಟು ಕಾಣಬೇಕಿತ್ತು ಎಂಬ ಅರ್ಥದ ಮಾತಾಡಿದ. ಪ್ರೇಮದ ವಿಷಯ ತನ್ನ ಮನಸ್ಸಿನಲ್ಲಿ ಇರಲಿಲ್ಲ ಎಂದು ಅವನೇ ಆಮೇಲೆ ಹೇಳಿದ. ಆದರೆ ಉತ್ತರ ಇಂಗ್ಲೆಂಡಿನ ಪತ್ರಿಕೆಗಳು ಅದನ್ನು ಎತ್ತಿಕೊಂಡವು. 3ರಂದು ಲಂಡನ್ ಪತ್ರಿಕೆಗಳಲ್ಲೂ ಸುದ್ದಿ ಸ್ಫೋಟಿಸಿತು. ಸಿಂಪ್ಸನ್‌ಳನ್ನೇ ಮದುವೆಯಾಗುತ್ತೇನೆಂದು ಪಟ್ಟ ಬಿಟ್ಟ ಎಡ್ವರ್ಡ್ 11ರ ಹೊತ್ತಿಗೆ ದೊರೆಯಾಗಿ ಉಳಿದಿರಲಿಲ್ಲ.

ಈ ಎಂಟು ದಿನಗಳಲ್ಲಿ ಜನ ಯಾರ ಪರ, ದೊರೆಯದೋ ಈ ಮದುವೆ ಬೇಡವೆಂದ ಸರ್ಕಾರದ್ದೋ? 'ದಿ ಟೈಮ್ಸ್' ಓದಿದರೆ ಒಂದು ಉತ್ತರ, 'ಡೈಲಿ ಮೇಲ್' ಓದಿದರೆ ಇನ್ನೊಂದು. ಅರಮನೆ ಮುಂದೆ ದೊರೆಯ ಪರ ಘೋಷಣೆ ಕೂಗುವ ಗುಂಪೂ ಇತ್ತು. ವಾರದ ಕೊನೆಗೆ ತಮ್ಮ ಕ್ಷೇತ್ರಗಳಿಗೆ ಹೋಗಿ ಬಂದ ಸಂಸದರು ಮಾತ್ರ ಅಲ್ಲಿ ಬೇರೆಯೇ ಮಾತು ಕೇಳಿ ಬಂದಿದ್ದರು. ಸೋಮವಾರ, 7ರಂದು, ದೊರೆಗೆ ಸಮಯ ಕೊಡಿ ಎನ್ನಲು ಎದ್ದುನಿಂತ ಚರ್ಚಿಲ್‌ನನ್ನು ಸದನ ಕೂಗಿ ಕೂರಿಸಿತು.

ಜನರ ಮನಸ್ಸು ಗೊತ್ತೇ ಆಗುತ್ತಿಲ್ಲ ಎಂಬ ಈ ಕೊರಗಿನಿಂದಲೇ 1937ರಲ್ಲಿ ಚಾರ್ಲ್ಸ್ ಮ್ಯಾಡ್ಜ್, ಟಾಮ್ ಹ್ಯಾರಿಸನ್, ಹಂಫ್ರಿ ಜೆನಿಂಗ್ಸ್ ಸೇರಿ, ಸಾಮಾನ್ಯ ಜನರ ದಿನನಿತ್ಯದ ಬದುಕು, ಮಾತುಗಳನ್ನು ದಾಖಲಿಸುವ 'ಮಾಸ್ ಅಬ್ಸರ್ವೇಶನ್' ಎಂಬ ಸಂಸ್ಥೆ ಶುರು ಮಾಡಿದರು. ಎಡ್ವರ್ಡ್‌ನ ತಮ್ಮ ಆರನೇ ಜಾರ್ಜ್‌ನ ಪಟ್ಟಾಭಿಷೇಕ ನಡೆದ ಮೇ 12ರಂದು ಸಾಮಾನ್ಯ ಜನರಿಂದ ಆ ದಿನ ಏನು ಕಂಡಿರಿ, ಏನು ಕೇಳಿದಿರಿ ಅಂತ ಬರೆಸಿದರು. ಆ ಸಂಸ್ಥೆಯ ಕಡತಗಳು ಇವತ್ತು ಸಸೆಕ್ಸ್ ವಿಶ್ವವಿದ್ಯಾಲಯದ ಬಳಿ ಇವೆ.

ನಮ್ಮ ಮೈಸೂರಿಗೆ ಅಂಥ ಕಡತ ಇಲ್ಲ ಅನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಆದರೆ 1881ರಿಂದ ನಡೆದ ಪ್ರಜಾಪ್ರತಿನಿಧಿ ಸಭೆಯ ವರದಿಗಳಿವೆ. ಊರೂರಿನ ಪ್ರತಿನಿಧಿಗಳು ತಂದ ದೂರುಗಳು ಅದರಲ್ಲಿ ಅಚ್ಚಾಗಿವೆ. ಅವರೂ ಬಹುಪಾಲು ಉಳ್ಳವರೇ, ನಿಜ. ಆದರೂ 1908ರ ಮೇಲೆ ಕೆಲಸ ಮಾಡುತ್ತೇನೆ ಎನ್ನುವವರನ್ನು ನಾನು ಮೊದಲು ಆ ವರದಿಗಳ ಮುಂದೆ ಕೂರಿಸುತ್ತೇನೆ. ಸಂಪಾದಕೀಯ ಆಮೇಲೆ.