ಜುಲೈ ತಿಂಗಳ ಎರಡು ಹೊಸ ಕಂಪ್ಯೂಟರುಗಳು

ಡೊಂಬಿವಲಿ ಪೂರ್ವದಲ್ಲಿ, ನಿಲ್ದಾಣದಿಂದ ಐದು ನಿಮಿಷದ ನಡಿಗೆಯಷ್ಟು ದೂರದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನಮ್ಮ ಲೆಕ್ಕಪತ್ರದ ಕೋಣೆಯಿದೆ. ನಾಲ್ಕು ಉಡುಪಿ ಹೋಟೆಲುಗಳ ಜಮಾ-ಖರ್ಚು, ಕೆಲಸಗಾರರ ಸಂಬಳದ ಪಟ್ಟಿ, ಜಿಎಸ್‌ಟಿ ರಿಟರ್ನು ಎಲ್ಲವೂ ಅಲ್ಲಿಂದಲೇ ನಡೆಯುತ್ತವೆ. ಹತ್ತು ವರ್ಷ ದುಡಿದ ಹಳೆಯ ಕಂಪ್ಯೂಟರುಗಳು ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯನ್ನು ತೆರೆಯುವುದಕ್ಕೇ ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದುದರಿಂದ, 2024ರ ಜುಲೈ 3ರಂದು ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿಯಲ್ಲಿ ಎರಡು ಹೊಸ ಯಂತ್ರಗಳನ್ನು ಜೋಡಿಸಿಕೊಂಡು ತಂದೆವು. ಎರಡಕ್ಕೂ ಒಂದೇ ಬಗೆಯ 12ನೇ ಪೀಳಿಗೆಯ ಐ5 ಪ್ರೊಸೆಸರ್, ಒಂದೇ ಬಗೆಯ ಮದರ್‌ಬೋರ್ಡ್, 8 ಜಿಬಿಯ ಎರಡೆರಡು ಡಿಡಿಆರ್4 ಮೆಮೊರಿ ಪಟ್ಟಿಗಳು, ಅಂದರೆ ರ್‍ಯಾಮ್, ಒಂದೇ ಬಗೆಯ ಎಸ್‌ಎಮ್‌ಪಿಎಸ್ (ವಿದ್ಯುತ್ ಪೂರೈಸುವ ಡಬ್ಬಿ), ಒಂದೇ ಬಣ್ಣದ ಕ್ಯಾಬಿನೆಟ್. ಅವಳಿ ಮಕ್ಕಳಂತೆ ಕಾಣುತ್ತಿದ್ದ ಅವುಗಳಿಗೆ ಗುರುತು ಸಿಗಲೆಂದು ನನ್ನ ಜೊತೆ ಕೆಲಸ ಮಾಡುವ ಹುಡುಗಿ ಮೊದಲ ದಿನವೇ 1, 2 ಎಂದು ಬರೆದ ಚೀಟಿಗಳನ್ನು ಅಂಟಿಸಿದ್ದಳು. ಮುಂದೆ ಆ ಚೀಟಿಗಳಿಂದ ಆದ ಉಪಕಾರ ಸಣ್ಣದಲ್ಲ.

ಜುಲೈ 5ರ ಮಧ್ಯಾಹ್ನ ಒಂದನೆಯ ಯಂತ್ರ ಕೆಲಸದ ನಡುವೆ ತಾನಾಗಿಯೇ ರೀಸ್ಟಾರ್ಟ್ ಆಯಿತು. ಅದೇ ಸಂಜೆ ಎರಡನೆಯದೂ ಹಾಗೆಯೇ ಮಾಡಿತು. ಜುಲೈ 8ರ ಸೋಮವಾರ ಮುಂಬಯಿಯ ಕೆಲವು ಭಾಗಗಳಲ್ಲಿ ನಸುಕಿನ ಆರು ಗಂಟೆಗಳ ಅವಧಿಯಲ್ಲಿ 300 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು ಮಧ್ಯ ರೈಲ್ವೆಯ ಗಾಡಿಗಳು ಅಲ್ಲಲ್ಲೇ ನಿಂತಿದ್ದವು. ನಾವು ಹೇಗೋ ಕಚೇರಿ ಸೇರಿದ ಆ ದಿನ ಎರಡೂ ಯಂತ್ರಗಳು ಸೇರಿ ಐದು ಬಾರಿ ನಿಂತು ಮತ್ತೆ ಶುರುವಾದವು. ಅಲ್ಲಿಂದ ಎಲ್ಲರ ಬಾಯಲ್ಲೂ ಮಳೆಯದೇ ದೂರು. ಹಳೆಯ ಕಟ್ಟಡ, ಒದ್ದೆ ಗೋಡೆ, ಕೆಟ್ಟ ಅರ್ಥಿಂಗ್ ಎಂಬ ವಿವರಣೆ ಎಷ್ಟು ಸಹಜವಾಗಿತ್ತೆಂದರೆ ನಾನೂ ಅದನ್ನೇ ನಂಬಿದೆ. ಎಲೆಕ್ಟ್ರಿಶಿಯನ್ ಬಂದು ಮೀಟರ್ ಹಿಡಿದು ನೋಡಿದ. ಫೇಸ್ ಮತ್ತು ನ್ಯೂಟ್ರಲ್ ನಡುವೆ 228 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2 ವೋಲ್ಟಿಗೂ ಕಡಿಮೆ. ಅವನ ಕಡೆಯಿಂದ ದೋಷವೇನೂ ಇರಲಿಲ್ಲ.

ಅಂಗಡಿಗೆ ಫೋನ್ ಮಾಡಿದರೆ ಮೊದಲು ರ್‍ಯಾಮ್ ತೆಗೆದು ರಬ್ಬರಿನಿಂದ ಉಜ್ಜಿ ಹಾಕಿ ಎಂದರು, ಮರುದಿನ ಫಾರ್ಮ್ಯಾಟ್ ಮಾಡಿಬಿಡಿ ಎಂದರು. ವರ್ಷಗಟ್ಟಲೆ ಬಳಸಿದ ರ್‍ಯಾಮಿನ ಹಲ್ಲುಗಳಿಗೆ ಕಿಲುಬು ಹಿಡಿದಿದ್ದರೆ ಉಜ್ಜುವುದರಲ್ಲಿ ಅರ್ಥವಿದೆ, ವಾರದ ಹಿಂದೆ ಪೊಟ್ಟಣ ಒಡೆದದ್ದಕ್ಕೆ ಅದು ಹೊಂದುವುದಿಲ್ಲ. ಫಾರ್ಮ್ಯಾಟ್ ಮಾಡಲು ನಾನು ಖಡಾಖಂಡಿತವಾಗಿ ಒಪ್ಪಲಿಲ್ಲ. ವಿಂಡೋಸ್ ತಾನು ಬಿದ್ದಾಗಲೆಲ್ಲ ಒಂದಿಷ್ಟು ದಾಖಲೆಯನ್ನು ಬರೆದಿಡುತ್ತದೆ, ಅದನ್ನು ಓದುವ ಮೊದಲೇ ಅಳಿಸಿಹಾಕಿದರೆ ಆಮೇಲೆ ಹುಡುಕುವುದಕ್ಕೆ ಏನೂ ಉಳಿಯುವುದಿಲ್ಲ ಎಂಬಷ್ಟು ನನಗೆ ತಿಳಿದಿತ್ತು. ಬೆಂಗಳೂರಿನಲ್ಲಿರುವ ಅಕ್ಕನ ಮಗ ಇನ್ನೊಂದು ಹೆದರಿಕೆ ಹುಟ್ಟಿಸಿದ. “ಮಾಮಾ, ಇಂಟೆಲ್‌ನ ಹೊಸ ಪ್ರೊಸೆಸರುಗಳೇ ಕೆಡುತ್ತಿವೆಯಂತೆ, ನೋಡಿಕೊಳ್ಳಿ” ಎಂದ. ಸುದ್ದಿ ನಿಜವಾಗಿತ್ತು. 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳ ಅಸ್ಥಿರತೆಗೆ ಅತಿಯಾದ ವೋಲ್ಟೇಜ್ ಕಾರಣವೆಂದು ಕಂಪನಿ ಅದೇ ಜುಲೈ ಕೊನೆಯ ಭಾಗದಲ್ಲಿ ಒಪ್ಪಿಕೊಂಡು, ಆಗಸ್ಟಿನಲ್ಲಿ ತಿದ್ದುಪಡಿ ಹೊರಡಿಸಿ, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಆದರೆ ನಮ್ಮವು 12ನೇ ಪೀಳಿಗೆಯವಾದ್ದರಿಂದ ಆ ಚಿಂತೆಯನ್ನು ಅಲ್ಲಿಗೇ ಬಿಟ್ಟೆ.

ಎರಡು ಯಂತ್ರಗಳು, ಒಂದೇ ಅಂಗಡಿ, ಒಂದೇ ವಾರ, ಒಂದೇ ತೊಂದರೆ. ಹಾಗಾಗಿ ಕಾರಣವೂ ಒಂದೇ ಇರಬೇಕೆಂದು ನಾನು ಯಾವ ಪರೀಕ್ಷೆಯನ್ನೂ ಮಾಡದೆ ತೀರ್ಮಾನಿಸಿಬಿಟ್ಟಿದ್ದೆ, ಮತ್ತು ಅದೊಂದೇ ತೀರ್ಮಾನ ನನ್ನ ಒಂದು ವಾರವನ್ನು ನುಂಗಿತು. ಜಾಗದ ದೋಷವೋ ಯಂತ್ರದ ದೋಷವೋ ತಿಳಿಯಲೆಂದು 12ರ ಶುಕ್ರವಾರ ಎರಡನ್ನೂ ಅದಲುಬದಲು ಮಾಡಿ, ಒಂದನೆಯದನ್ನು ಕಿಟಕಿಯ ಮೇಜಿಗೂ ಎರಡನೆಯದನ್ನು ಪ್ರಿಂಟರ್ ಇರುವ ಮೇಜಿಗೂ ಇಟ್ಟೆವು. ಕಿಟಕಿಯ ಬಳಿ ಒಂದನೆಯದು ಮಂಗಳವಾರದವರೆಗೆ ಒಮ್ಮೆಯೂ ಬೀಳಲಿಲ್ಲ, ಪ್ರಿಂಟರ್ ಮೇಜಿನ ಮೇಲೆ ಎರಡನೆಯದು ಬೀಳುತ್ತಲೇ ಇತ್ತು. ಹಾಗಾದರೆ ಆ ಮೇಜಿನ ಯುಪಿಎಸ್‌ನದೇ ತಪ್ಪು ಎಂದುಕೊಂಡು ಬೇರೊಂದು ಯುಪಿಎಸ್ ತಂದು ಹಾಕಿದೆ. ಎರಡನೆಯ ಯಂತ್ರದಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ.

17ರ ಬುಧವಾರ ಆಷಾಢಿ ಏಕಾದಶಿ ಮತ್ತು ಮೊಹರಂ ಎರಡೂ ಒಂದೇ ದಿನ ಬಂದಿದ್ದವು. ರಜೆಯ ದಿನವಾದ್ದರಿಂದ ಫೋನುಗಳ ಕಾಟವಿರಲಿಲ್ಲ. ಶನಿವಾರ 20ಕ್ಕೆ ಜಿಎಸ್‌ಟಿಆರ್-3ಬಿ ಎಂಬ ತಿಂಗಳ ಜಿಎಸ್‌ಟಿ ರಿಟರ್ನು ಸಲ್ಲಿಸುವ ಗಡುವು ಎದುರಿಗಿತ್ತು. ಬೆಳಗ್ಗೆ ಒಂಬತ್ತಕ್ಕೆ ನಾವಿಬ್ಬರೂ ಕೋಣೆಯ ಬಾಗಿಲು ತೆರೆದು, ಮೊದಲು ಟ್ಯಾಲಿಯ ಬ್ಯಾಕಪ್ಪನ್ನು ಎರಡು ಪೆನ್‌ಡ್ರೈವುಗಳಿಗೆ ತೆಗೆದುಕೊಂಡು, ಆಮೇಲೆ ಹುಡುಗಿ ಇಟ್ಟುಕೊಂಡಿದ್ದ ನೋಟುಬುಕ್ಕನ್ನು ಬಿಚ್ಚಿದೆವು. ಯಂತ್ರ ಬಿದ್ದ ಪ್ರತಿ ಬಾರಿಯೂ ಆಕೆ ಗಂಟೆ, ನಿಮಿಷ, ಯಂತ್ರದ ಸಂಖ್ಯೆ, ಆಗ ಮಾಡುತ್ತಿದ್ದ ಕೆಲಸ ಎಲ್ಲವನ್ನೂ ಬರೆದಿದ್ದಳು. ನಾನು ಅದನ್ನು ಅಲ್ಲಿಯವರೆಗೆ ಸರಿಯಾಗಿ ಓದಿರಲಿಲ್ಲವೆಂಬುದು ಈಗಲೂ ನನ್ನನ್ನು ಚುಚ್ಚುತ್ತದೆ.

ಒಂದನೆಯ ಯಂತ್ರದ ಹೆಸರಿನಲ್ಲಿ ಏಳು ಸಾಲುಗಳಿದ್ದವು, ಏಳರಲ್ಲೂ ‘ಪ್ರಿಂಟ್’ ಎಂಬ ಪದವಿತ್ತು. ಎರಡನೆಯದರ ಹದಿನಾಲ್ಕು ಸಾಲುಗಳಲ್ಲಿ ಅಂಥ ಹೊಂದಾಣಿಕೆ ಯಾವುದೂ ಇರಲಿಲ್ಲ. ಒಮ್ಮೆ ಟ್ಯಾಲಿ, ಒಮ್ಮೆ ಬ್ರೌಸರ್, ಒಮ್ಮೆ ಯಾರೂ ಮುಟ್ಟದೆ ಸುಮ್ಮನಿದ್ದಾಗ.

ವಿಂಡೋಸ್ ಬರೆದಿಡುವ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದಾಗ ಎರಡೂ ಕಡೆ ‘ಕರ್ನಲ್-ಪವರ್ 41’ ಎಂಬ ಒಂದೇ ಸಾಲು ಸಿಕ್ಕಿತು. ಹೆಸರಿನಲ್ಲಿ ಪವರ್ ಎಂದಿರುವುದರಿಂದ ಬಹಳ ಜನ ಇದನ್ನು ವಿದ್ಯುತ್ತಿನ ದೋಷವೆಂದೇ ತಿಳಿಯುತ್ತಾರೆ. ಯಂತ್ರ ಕ್ರಮವಾಗಿ ಮುಚ್ಚದೆಯೇ ಮತ್ತೆ ಶುರುವಾಯಿತು ಎಂಬುದಷ್ಟೇ ಅದರ ಅರ್ಥ. ನಿಜವಾದ ಮಾಹಿತಿ ಅದರ ವಿವರಗಳ ಪುಟದಲ್ಲಿ ‘ಬಗ್‌ಚೆಕ್ ಕೋಡ್’ ಎಂಬಲ್ಲಿರುತ್ತದೆ. ಒಂದನೆಯ ಯಂತ್ರದ ಎಲ್ಲ ದಾಖಲೆಗಳಲ್ಲೂ ಆ ಅಂಕಿ 0 ಇತ್ತು. ಎಂದರೆ ವಿಂಡೋಸಿಗೆ ತಾನು ಬೀಳುತ್ತಿದ್ದೇನೆಂಬುದೇ ಗೊತ್ತಾಗುವ ಮೊದಲು ಯಾರೋ ಅದರ ಕೆಲಸವನ್ನು ಹೊರಗಿನಿಂದ ಕತ್ತರಿಸಿದ್ದರು. ಎರಡನೆಯದರಲ್ಲಿ ಕೆಲವು ಕಡೆ 26, ಕೆಲವು ಕಡೆ 80 ಎಂದಿತ್ತು. ಅಲ್ಲಿ ಇವು ದಶಮಾನದಲ್ಲಿ ಬರೆದ ಅಂಕಿಗಳು. ಹದಿನಾರರ ಎಣಿಕೆಗೆ ತಿರುಗಿಸಿದರೆ 26 ಎಂಬುದು 1ಎ ಆಗುತ್ತದೆ, ಅದು ಮೆಮೊರಿ ನಿರ್ವಹಣೆಯ ದೋಷ. 80 ಎಂಬುದು 50 ಆಗುತ್ತದೆ, ಇರಬೇಕಾದ ಮೆಮೊರಿ ಪುಟ ಇರಬೇಕಾದ ಜಾಗದಲ್ಲಿ ಸಿಗಲಿಲ್ಲವೆಂಬುದು ಅದರ ಅರ್ಥ. ಎರಡನೆಯ ಯಂತ್ರ ಪ್ರತಿ ಬಾರಿಯೂ ನೀಲಿ ಪರದೆ ತೋರಿಸಿಯೇ ಬೀಳುತ್ತಿತ್ತು, ಆದರೆ ‘ತಾನಾಗಿ ರೀಸ್ಟಾರ್ಟ್ ಮಾಡು’ ಎಂಬ ಆಯ್ಕೆ ವಿಂಡೋಸಿನಲ್ಲಿ ಮೊದಲಿನಿಂದಲೇ ಆನ್ ಆಗಿರುವುದರಿಂದ ಆ ಪರದೆ ಕಣ್ಣಿಗೆ ನಿಲ್ಲುವ ಮುಂಚೆಯೇ ಮಾಯವಾಗುತ್ತಿತ್ತು. ಸಿಸ್ಟಮ್ ಪ್ರಾಪರ್ಟೀಸ್‌ನ ಒಳಗೆ ಹೋಗಿ ಆ ಗುರುತನ್ನು ತೆಗೆದ ಮೇಲೆ ಮುಕ್ಕಾಲು ಗಂಟೆಯಲ್ಲಿ ನೀಲಿ ಪರದೆ ಬಂದು ನಮ್ಮೆದುರು ನಿಂತಿತು.

ಎರಡು ಯಂತ್ರಗಳ ರೋಗ ಬೇರೆ ಬೇರೆ ಎಂದು ಆ ಗಳಿಗೆಯಲ್ಲಿ ಮನಸ್ಸಿಗೆ ಬಂದಿತು.

ಒಂದನೆಯದನ್ನು ಮತ್ತೆ ಪ್ರಿಂಟರ್ ಮೇಜಿಗೆ ತಂದು ಇಟ್ಟೆವು. ನಮ್ಮದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಲೆಡ್ಜರ್ ಅಚ್ಚಾಗುವಾಗ ಮೇಜಿನ ಮೇಲಿನ ಚಹಾ ಲೋಟದಲ್ಲಿ ಅಲೆ ಏಳುತ್ತದೆ. ಪ್ರಿಂಟಿಗೆ ಕೊಟ್ಟು, ನಾನು ಕ್ಯಾಬಿನೆಟ್ಟಿಗೆ ಕಿವಿಯಿಟ್ಟು ಕುಳಿತೆ. ಆರನೆಯ ಪುಟದಲ್ಲಿ ಪರದೆ ಕಪ್ಪಾಯಿತು, ಆದರೆ ಫ್ಯಾನಿನ ಸದ್ದು ನಿಲ್ಲಲಿಲ್ಲ, ಮುಂದಿನ ದೀಪವೂ ಆರಲಿಲ್ಲ. ವಿದ್ಯುತ್ ಕಡಿದಿದ್ದರೆ ಎರಡೂ ಒಂದು ಕ್ಷಣವಾದರೂ ಸೋಲಬೇಕಿತ್ತು. ಹಾಗಾದರೆ ಇದು ರೀಸೆಟ್. ಕ್ಯಾಬಿನೆಟ್ಟಿನ ಮುಖವನ್ನು ಹತ್ತಿರದಿಂದ ನೋಡಿದಾಗ ಮುಂದಿನ ಪ್ಲಾಸ್ಟಿಕ್ ಫಲಕದ ಬಲಗಡೆಯ ಕೊಂಡಿ ಪೂರ್ತಿ ಕೂತಿರಲಿಲ್ಲ, ಅದರಿಂದ ರೀಸೆಟ್ ಗುಂಡಿ ಒಂದು ಪಕ್ಕಕ್ಕೆ ವಾಲಿ ಅರ್ಧ ಒಳಗಿಳಿದು ಸಿಕ್ಕಿಕೊಂಡಿತ್ತು. ಉಗುರಿನ ತುದಿಯಿಂದ ಮೆಲ್ಲನೆ ತಟ್ಟಿದರೂ ಯಂತ್ರ ರೀಸ್ಟಾರ್ಟ್ ಆಗುತ್ತಿತ್ತು. ಪ್ಲಗ್ ತೆಗೆದು, ಪಕ್ಕದ ತಗಡು ಬಿಚ್ಚಿ, ಮದರ್‌ಬೋರ್ಡಿನ ಕೆಳಮೂಲೆಯಲ್ಲಿ ‘ರೀಸೆಟ್ ಎಸ್‌ಡಬ್ಲ್ಯೂ’ ಎಂದು ಬರೆದ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಎರಡು ಪಿನ್ನಿನ ಕನೆಕ್ಟರನ್ನು ಎಳೆದು ತೆಗೆದೆ. ಆಮೇಲೆ ನಲವತ್ತು ಪುಟ ಅಚ್ಚಾಯಿತು, ಯಂತ್ರ ಅಲುಗಲಿಲ್ಲ. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ರೀಸೆಟ್ ಗುಂಡಿಯಿಲ್ಲದೆಯೂ ಕಂಪ್ಯೂಟರ್ ಚೆನ್ನಾಗಿಯೇ ನಡೆಯುತ್ತದೆ, ಅದನ್ನು ಇಂದಿಗೂ ನಾವು ಸೇರಿಸಿಲ್ಲ.

ಎರಡನೆಯದು ಅಷ್ಟು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ವಿಂಡೋಸಿನಲ್ಲೇ ಇರುವ ಮೆಮೊರಿ ಪರೀಕ್ಷೆ ದೋಷವೇನೂ ಇಲ್ಲವೆಂದಿತು. ಆ ಮಾತನ್ನು ನಂಬಿ ನಿಲ್ಲಿಸಿದ್ದರೆ ಇನ್ನೂ ಎಷ್ಟು ದಿನ ಅಲೆಯುತ್ತಿದ್ದೆವೋ. ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶ ಹಾಕಿ ಓಡಿಸಿದಾಗ ಇಪ್ಪತ್ತು ನಿಮಿಷದಲ್ಲಿ ಕೆಂಪು ಸಾಲುಗಳು ಬರತೊಡಗಿದವು. ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯೋಸ್ ನೋಡಿದರೆ ಅಂಗಡಿಯವರು ಮೆಮೊರಿಯ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆನ್ ಮಾಡಿ ರ್‍ಯಾಮನ್ನು 3600ರ ವೇಗದಲ್ಲಿ ಓಡಿಸುತ್ತಿದ್ದರು. 12ನೇ ಪೀಳಿಗೆಯ ಪ್ರೊಸೆಸರಿಗೆ ಡಿಡಿಆರ್4 ರ್‍ಯಾಮಿನಲ್ಲಿ ಅಧಿಕೃತವಾಗಿ ಹೇಳಿರುವ ಮಿತಿ 3200. ಅದನ್ನು ಆಫ್ ಮಾಡಿದ ಮೇಲೆ ತಪ್ಪುಗಳು ಕಡಿಮೆಯಾದವು, ನಿಲ್ಲಲಿಲ್ಲ. ಕೊನೆಗೆ ಒಂದೊಂದೇ ರ್‍ಯಾಮನ್ನು ಒಂಟಿಯಾಗಿ ಹಾಕಿ ಪರೀಕ್ಷಿಸಿದೆವು. ಮೊದಲನೆಯದು ಮೂರು ಸುತ್ತು ಸ್ವಚ್ಛವಾಗಿ ದಾಟಿತು, ಎರಡನೆಯದು ಮೊದಲ ಸುತ್ತಿನಲ್ಲೇ ಎಡವಿತು. ಅದನ್ನೇ ಬೇರೆ ಸ್ಲಾಟಿಗೆ ಹಾಕಿದರೂ ಕೆಂಪು ಸಾಲುಗಳು ಅದರ ಹಿಂದೆಯೇ ಹೋದವು. ಸ್ಲಾಟ್ ಸರಿಯಿದೆ, ರ್‍ಯಾಮ್ ಕೆಟ್ಟಿದೆ ಎಂದು ಖಚಿತವಾಗುವಷ್ಟರಲ್ಲಿ ರಾತ್ರಿ ಹತ್ತೂವರೆ.

ಗುರುವಾರ ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು ಅಂಗಡಿಗೆ ಹೋದೆ. ಕೆಂಪು ಸಾಲುಗಳ ಫೋಟೊ ತೋರಿಸಿದ ಮೇಲೆ ಕೌಂಟರಿನವರು ವಾದಿಸಲಿಲ್ಲ, ಮೊಹರು ಒಡೆಯದ ಹೊಸ ರ್‍ಯಾಮ್ ಕೊಟ್ಟರು. ಆ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿ, ಬೆಳಗ್ಗೆ ನಾಲ್ಕು ಸುತ್ತುಗಳ ಮುಂದೆ ಸೊನ್ನೆ ತಪ್ಪು ಎಂದು ಕಂಡಾಗ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಲೆಕ್ಕ ಬರೆಯುವವನಿಗೆ ಯಂತ್ರ ಬೀಳುವುದು ದೊಡ್ಡ ಭಯವಲ್ಲ, ಬಿದ್ದದ್ದು ಕಣ್ಣಿಗಾದರೂ ಕಾಣುತ್ತದೆ. ಕೆಟ್ಟ ರ್‍ಯಾಮ್ ಬೀಳದೆಯೇ ಸುಳ್ಳು ಹೇಳಬಲ್ಲದು. ಪೂರ್ಣಾಂಕವಾಗಿ ಇಟ್ಟ ಸಂಖ್ಯೆಯೊಂದರಲ್ಲಿ ಒಂದೇ ಒಂದು ಬಿಟ್, ಅಂದರೆ 0 ಅಥವಾ 1ರ ಒಂದು ಗುರುತು, ತಿರುಗಿದರೆ 1,250 ಎಂಬುದು 1,251 ಆಗಬಹುದು, ತಿರುಗಿದ ಬಿಟ್ ಮೇಲಿನದಾದರೆ 5,346 ಆಗಬಹುದು, ಮತ್ತು ನಮ್ಮಂಥ ಸಾಮಾನ್ಯ ಡೆಸ್ಕ್‌ಟಾಪುಗಳ ರ್‍ಯಾಮಿನಲ್ಲಿ ಅದನ್ನು ಹಿಡಿಯುವ ಇಸಿಸಿ ವ್ಯವಸ್ಥೆ ಇರುವುದಿಲ್ಲ. ನಾಲ್ಕು ಹೋಟೆಲುಗಳ ಲೆಕ್ಕ ಎರಡು ವಾರ ಅದೇ ರ್‍ಯಾಮಿನ ಮೂಲಕ ಹಾದುಹೋಗಿತ್ತು. ಯಜಮಾನರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮರಾಯ್ರೆ, ಒಂದು ಸಲ ಎಲ್ಲ ತಾಳೆ ನೋಡಿಬಿಡಿ, ಆಮೇಲೆ ರಿಟರ್ನು ಹಾಕಿ” ಎಂದರು.

ಹಾಗೆ 19ರ ಶುಕ್ರವಾರ 612 ವೋಚರುಗಳ ಕಟ್ಟನ್ನು ಮೇಜಿನ ಮೇಲೆ ಇಳಿಸಿದೆವು. ಅದೇ ಮಧ್ಯಾಹ್ನ ಅಕ್ಕನ ಮಗನ ಫೋನು: ಲೋಕದ ಕಂಪ್ಯೂಟರುಗಳೆಲ್ಲ ನೀಲಿಯಾಗುತ್ತಿವೆ, ನಿಮ್ಮದೂ ಇದೇ ಇರಬೇಕು ಎಂದ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ದೋಷವಿದ್ದ ಒಂದು ಅಪ್‌ಡೇಟಿನಿಂದ ಅಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವೆಂದು ಮೈಕ್ರೋಸಾಫ್ಟ್ ಆಮೇಲೆ ಅಂದಾಜು ಕೊಟ್ಟಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟದ್ದೂ ಅಂದೇ. ಆ ತಂತ್ರಾಂಶ ನಮ್ಮಲ್ಲಿ ಇರಲೇ ಇಲ್ಲ. ಎರಡು ದಿನ ಮೊದಲು ನಾವು ದಾಖಲೆಗಳನ್ನು ಓದಿರದಿದ್ದರೆ, ಪರದೆಯ ಬಣ್ಣ ಒಂದೇ ಎಂಬ ಕಾರಣಕ್ಕೆ ನಾನೂ ಅವನ ಮಾತಿಗೆ ತಲೆಯಾಡಿಸಿ ರ್‍ಯಾಮನ್ನು ಅಲ್ಲಿಯೇ ಬಿಟ್ಟಿರುತ್ತಿದ್ದೆ.

ನಾನು ಬಿಲ್ಲು ಓದುವುದು, ಆಕೆ ಪರದೆಯಲ್ಲಿ ನೋಡಿ ಹೂಂಗುಟ್ಟುವುದು. ಹಾಲು, ಗ್ಯಾಸ್ ಸಿಲಿಂಡರ್, ವಾಶಿ ಮಾರುಕಟ್ಟೆಯ ಈರುಳ್ಳಿ, ತೆಂಗಿನಕಾಯಿ. ರಾತ್ರಿ ಎಂಟರ ಹೊತ್ತಿಗೆ ತೆಂಗಿನಕಾಯಿಯ ಒಂದು ಬಿಲ್ಲಿಗೆ ಆಕೆ ಹೂಂ ಎನ್ನಲಿಲ್ಲ. ಕಾಗದದಲ್ಲಿ 1,830, ಪರದೆಯಲ್ಲಿ 1,380. ಇಬ್ಬರ ಕೈಯೂ ನಿಂತಿತು. ನಾನು ವ್ಯತ್ಯಾಸವನ್ನು ಚೀಟಿಯ ಮೇಲೆ ಬರೆದೆ: 450. ಒಂದೇ ಬಿಟ್ ತಿರುಗಿದ್ದರೆ ವ್ಯತ್ಯಾಸ 256 ಅಥವಾ 512ರಂಥ ಎರಡರ ಘಾತವಾಗಿರಬೇಕಿತ್ತು. 450 ಅಂಥ ಸಂಖ್ಯೆಯಲ್ಲ.

“ಅಣ್ಣಾ, ಒಂಬತ್ತರಿಂದ ಭಾಗ ಹೋಗುತ್ತದೆ” ಎಂದಳು ಆಕೆ.

ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿಗಳು ಹಿಂದುಮುಂದಾಗಿರಬಹುದು ಎಂಬುದನ್ನು ಲೆಕ್ಕ ಬರೆಯುವ ಪ್ರತಿಯೊಬ್ಬರೂ ಮೊದಲ ವರ್ಷದಲ್ಲೇ ಕಲಿಯುತ್ತಾರೆ. ಎಂಟು ಮತ್ತು ಮೂರು ಜಾಗ ಬದಲಿಸಿದ್ದವು. ಜುಲೈ 5ರ ಸಂಜೆಯ ಆ ನಮೂದು ನಾನೇ ಬರೆದದ್ದು. ತಿದ್ದಿ, ಪಕ್ಕದಲ್ಲಿ ಸಹಿ ಹಾಕಿ, ಮುಂದಿನ ಬಿಲ್ಲನ್ನು ಓದಿದೆ. ಉಳಿದ 203 ವೋಚರುಗಳೂ ತಾಳೆಯಾದವು.