ಜೋಳದ ನುಚ್ಚು, ಕೋಳಿ, ಮುಕ್ಕಾಲು ಚಮಚ ತತ್ತಿ ಸಿಪ್ಪೆ

ಮುಧೋಳ ನಾಯಿ ಸಾಕಿದವರಿಗೆ ಚಳಿ ಬಂದದ್ದು ನಾಯಿ ನೋಡಿದರೇ ತಿಳಿಯುತ್ತದೆ. ಎದೆ ಆಳ, ಹೊಟ್ಟೆ ಬೆನ್ನಿಗೆ ಹತ್ತಿದ್ದು, ಮೈಮೇಲೆ ಹಿಡಿ ಕೊಬ್ಬಿಲ್ಲ, ಕೂದಲಂತೂ ಮೈಗೆ ಅಂಟಿಸಿದಷ್ಟು ತೆಳು. ಓಡುವುದಕ್ಕೆ ಹುಟ್ಟಿದ ಮೈ ಅದು, ಚಳಿ ತಡೆಯುವುದಕ್ಕಲ್ಲ. ನಮ್ಮ ತಾರಿ ಡಿಸೆಂಬರ್‌ನಲ್ಲಿ ಬೆಳಗಾದರೂ ಕಂಬಳಿ ಬಿಟ್ಟು ಏಳುವುದಿಲ್ಲ. ನಾವಿರುವುದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ, ದ್ರಾಕ್ಷಿ ತೋಟದಲ್ಲೇ ಮನೆ. ಬೇಸಿಗೆಯಲ್ಲಿ ನಮ್ಮನ್ನು ಸುಡುವ ಈ ಬಯಲು, ಚಳಿಗಾಲದ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಗಾಳಿಗೆ ಅಡ್ಡ ಒಂದು ಗುಡ್ಡವೂ ಇಲ್ಲ.

ತಾರಿಯ ಜೊತೆ ಕರಿಯ ಅಂತ ಇನ್ನೊಂದು ಇದೆ. ಊರ ನಾಯಿ, ವಯಸ್ಸಾಗಿದೆ. ಒಣದ್ರಾಕ್ಷಿ ಶೆಡ್ ಕಾಯುವುದು ಅದರ ಕೆಲಸ, ಮಲಗುವುದೂ ಅಲ್ಲೇ. ಇವೆರಡಕ್ಕೂ ಚಳಿಗಾಲದಲ್ಲಿ ನಾನು ಮಾಡುವ ಅಡುಗೆಯ ಬಗ್ಗೆ ಬಂಧುಗಳು ಕೇಳುತ್ತಲೇ ಇರುತ್ತಾರೆ. ಬಾಯಲ್ಲಿ ಹೇಳಿದರೆ ಅಳತೆ ತಪ್ಪುತ್ತದೆ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಅತ್ತೆಯವರು ಶುರುವಿನಲ್ಲಿ ಕೇಳಿದ್ದು ಇದು: "ನಾಯಿಗಿ ಬ್ಯಾರೆ ಒಲಿ ಯಾಕ ಹಚ್ಚತಿಯವಾ? ನಮ್ಮ ಕಾಲದಾಗ ರೊಟ್ಟಿ, ಹಾಲು ಹಾಕತಿದ್ವಿ. ಚೆಂದ ಇರತಿದ್ವಲ್ಲ?" ಕೇಳಬೇಕಾದ ಪ್ರಶ್ನೆಯೇ ಅದು. ನನ್ನ ತವರು ಮುಧೋಳದ ಕಡೆ. ಅಲ್ಲಿ ಈ ನಾಯಿಗೆ ಕಾರವಾನಿ ಅನ್ನುತ್ತಾರೆ. ಅಜ್ಜನ ಮನೆಯಲ್ಲಿ ಜೋಳ, ತೊಗರಿ, ಹಾಲು ಕೊಟ್ಟೇ ಸಾಕಿದ್ದು ನಾನೂ ನೋಡಿದ್ದೇನೆ. ಆದರೆ ಅಜ್ಜನ ನಾಯಿಗಳು ಬೆಳಗ್ಗೆ ಹೊಲಕ್ಕೆ ಹೋದರೆ ಮೊಲ ಹಿಡಿಯುತ್ತಿದ್ದವು. ಮಾಂಸ, ಲಿವರ್, ಹಸಿ ಎಲುಬು ಎಲ್ಲ ಅಲ್ಲೇ ಸಿಗುತ್ತಿತ್ತು. ಮನೆಯ ಬೋಗುಣಿಯಲ್ಲಿದ್ದದ್ದು ಅರ್ಧ ಊಟ, ಉಳಿದರ್ಧ ಹೊಲದಲ್ಲಿತ್ತು. ಈಗ ಬೇಟೆ ಇಲ್ಲ, ಇರಲೂ ಬಾರದು. ಮೊಲ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹೊಲದ ಅರ್ಧ ಊಟ ನಿಂತುಹೋಯಿತು, ಮನೆಯ ಅರ್ಧ ಮಾತ್ರ ಹಾಗೇ ಮುಂದುವರಿಯಿತು. ಇವತ್ತು ಎಷ್ಟೋ ಮನೆಗಳಲ್ಲಿ ಕಾರವಾನಿಗಳು ಸೊರಗಿ ನಿಂತಿರುವುದು ಇದಕ್ಕೇ ಅಂತ ನನ್ನ ನಂಬಿಕೆ. "ಆ ಜಾತೀನೇ ತೆಳ್ಳಗ" ಅಂತ ಜನ ಸುಮ್ಮನಾಗುತ್ತಾರೆ. ತೆಳ್ಳಗಿರುವುದು ಬೇರೆ, ಹಸಿದಿರುವುದು ಬೇರೆ ಅಲ್ವಾ?

ಹಾಗಾಗಿ ನನ್ನ ಅಡುಗೆಯ ಲೆಕ್ಕ ಸರಳ. ಮೊಲ ಕೊಡುತ್ತಿದ್ದುದನ್ನು ಬೋಗುಣಿಗೆ ವಾಪಸ್ ತರಬೇಕು. ಮಾಂಸದ ಬದಲು ಕೋಳಿ, ಮೊಲದ ಲಿವರ್ ಬದಲು ಕೋಳಿ ಲಿವರ್, ಎಲುಬಿನ ಬದಲು ತತ್ತಿ ಸಿಪ್ಪೆ. ಚಳಿಗಾಲಕ್ಕೆ ಅಂತ ಮೇಲೆ ಸ್ವಲ್ಪ ಎಣ್ಣೆ.

ತಾರಿ ಸುಮಾರು 20 ಕಿಲೋ ಇದ್ದಾಳೆ. ಆ ತೂಕದ ಬೆಳೆದ ನಾಯಿಗೆ ದಿನಕ್ಕೆ ಹತ್ತಿರ ಹತ್ತಿರ 1100 ಕ್ಯಾಲರಿ ಬೇಕು. ಅವಳ ಒಂದು ದಿನದ ಅಡುಗೆ ಹೀಗೆ: ಬಿಳಿಜೋಳದ ನುಚ್ಚು 120 ಗ್ರಾಂ, ಎಲುಬಿಲ್ಲದ ಕೋಳಿ 250 ಗ್ರಾಂ, ಲಿವರ್ 20 ಗ್ರಾಂ, ಹೆಸರುಬೇಳೆ ಒಂದು ಹಿಡಿ, ಒಂದು ತತ್ತಿ, ಗೆಣಸು ಇಲ್ಲವೇ ಕುಂಬಳಕಾಯಿ ನಾಲ್ಕು ತುಂಡು, ಎರಡು ಚಹಾ ಚಮಚ ಕುಸುಬೆ ಎಣ್ಣೆ. ತೂಕವೆಲ್ಲ ಬೇಯಿಸುವ ಮೊದಲಿನದು. ಇದನ್ನು ಬೆಳಗ್ಗೆ, ಸಂಜೆ ಎರಡು ಸಲ ಹಂಚಿ ಹಾಕುತ್ತೇನೆ. ಒಂದೇ ಸಲ ಸುರಿಯುವುದು ಬೇಡ. ಈ ನಾಯಿಗಳ ಎದೆಗೂಡು ಆಳ. ಹೊಟ್ಟೆ ಬಿರಿಯ ತಿಂದು ಓಡಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ, ಹಾಗಾದರೆ ಉಳಿಸಿಕೊಳ್ಳುವುದು ಕಷ್ಟ. ಉಂಡ ಮೇಲೆ ಒಂದು ತಾಸಾದರೂ ತಾರಿಯನ್ನು ಕಟ್ಟಿ ಹಾಕುತ್ತೇನೆ.

ನುಚ್ಚನ್ನು ರಾತ್ರಿಯೇ ನೆನೆಹಾಕಿಬಿಡಿ. ಬೆಳಗ್ಗೆ ಕೋಳಿಯನ್ನು ಉಪ್ಪಿಲ್ಲದೆ ನೀರಿನಲ್ಲಿ ಕುದಿಸಿ ತೆಗೆದಿಟ್ಟು, ಅದೇ ನೀರಿಗೆ ನುಚ್ಚು, ಬೇಳೆ ಹಾಕಬೇಕು. ಒಂದು ಬಟ್ಟಲು ನುಚ್ಚಿಗೆ ಐದು ಬಟ್ಟಲು ನೀರು. ನಮಗೆ ಮಾಡಿಕೊಳ್ಳುವ ನುಚ್ಚಿನಲ್ಲಿ ಕಾಳು ಹಲ್ಲಿಗೆ ಸಿಕ್ಕರೆ ರುಚಿ. ನಾಯಿಗೆ ಹಾಗಲ್ಲ. ಒಂದು ಕಾಳು ತೆಗೆದು ಬೆರಳ ನಡುವೆ ಒತ್ತಿ ನೋಡಿ. ಪೂರ್ತಿ ಮೆತ್ತಗಾಗಿ ಹರಡಬೇಕು, ನಡುವೆ ಬಿಳಿ ಚುಕ್ಕಿಯಷ್ಟೂ ಗಟ್ಟಿ ಉಳಿಯಬಾರದು. ಉಳಿದರೆ ಅದು ಮರುದಿನ ಲದ್ದಿಯಲ್ಲಿ ಹಾಗೇ ಕಾಣುತ್ತದೆ. ಅಂದರೆ ನಾಯಿ ತಿಂದಿದೆ, ಮೈಗೆ ಹತ್ತಿಲ್ಲ. ಗೆಣಸನ್ನು ಬೇರೆ ಬೇಯಿಸಿ ಕಿವುಚಿ ಹಾಕುತ್ತೇನೆ. ಲಿವರ್ ಕೊನೆಯ ಐದು ನಿಮಿಷಕ್ಕೆ ಸಾಕು. ತತ್ತಿ ಕುದಿಸಿಯೇ ಕೊಡಿ. ಹಸಿ ತತ್ತಿಯ ಬಿಳಿ ಭಾಗದಲ್ಲಿ ಅವಿಡಿನ್ ಅನ್ನುವುದೊಂದಿದೆ, ಅದು ಬಯೋಟಿನ್ ಅನ್ನುವ ವಿಟಮಿನ್ ಅನ್ನು ಮೈಗೆ ಸೇರದಂತೆ ಹಿಡಿದಿಡುತ್ತದೆ. ಬೇಯಿಸಿದರೆ ಆ ತೊಂದರೆ ಇಲ್ಲ.

ಲಿವರ್ ಅಗ್ಗ, ನಾಯಿಗೂ ಇಷ್ಟ ಅಂತ ಜಾಸ್ತಿ ಹಾಕಬೇಡಿ. ಅದರಲ್ಲಿ ಎ ವಿಟಮಿನ್ ಬಹಳ, ತಿಂಗಳುಗಟ್ಟಲೆ ಅತಿಯಾದರೆ ಎಲುಬಿಗೇ ತೊಂದರೆ. ನಮ್ಮ ಕೋಳಿ ಅಂಗಡಿಯ ಚಾಚಾ ಪ್ರತಿ ಸಲ "ಇದನ್ನೂ ಒಯ್ಯಿ ತಂಗಿ, ನಾಯಿಗ ಆಗ್ತೈತಿ" ಅಂತ ಒಂದು ಚೀಲ ಲಿವರ್ ಕೊಡಲು ಬರುತ್ತಾರೆ. ಪ್ರೀತಿಯ ಮನುಷ್ಯ. ನಾನು ಹಿಡಿಯಷ್ಟು ತೆಗೆದುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತೇನೆ. ಹಾಗೆಯೇ ಸಾರಿನಲ್ಲಿ ಬೆಂದ ಎಲುಬು ಬೇಡವೇ ಬೇಡ. ಬೆಂದ ಎಲುಬು ಚೂಪಾಗಿ ಸೀಳುತ್ತದೆ, ಕರುಳಿಗೆ ಚುಚ್ಚುತ್ತದೆ.

ಈಗ ತತ್ತಿ ಸಿಪ್ಪೆ. ಈ ಬರಹದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಮಾಂಸದಲ್ಲಿ ರಂಜಕ ಬಹಳ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಜೋಳ, ಬೇಳೆಯೂ ಹಾಗೇ. ಬರೀ ಕೋಳಿ ಅನ್ನ, ಬರೀ ಕೋಳಿ ನುಚ್ಚು ಹಾಕುತ್ತಾ ಹೋದರೆ ಮೈ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಎಲುಬಿನಿಂದಲೇ ಎಳೆದುಕೊಳ್ಳುತ್ತದೆ. ಹೊರಗೆ ನಾಯಿ ಮಿರಿಮಿರಿ ಹೊಳೆಯುತ್ತಿರುತ್ತದೆ, ಒಳಗೆ ಎಲುಬು ಟೊಳ್ಳಾಗುತ್ತಿರುತ್ತದೆ. ಮನೆಯ ತತ್ತಿ ಸಿಪ್ಪೆಗಳನ್ನು ನಾನು ತೊಳೆದು, ಹತ್ತು ನಿಮಿಷ ಕುದಿಸಿ, ಬಿಸಿಲಿಗೆ ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟು ಮಾಡಿ ಡಬ್ಬಿಯಲ್ಲಿಡುತ್ತೇನೆ. ಬೆರಳಲ್ಲಿ ಉಜ್ಜಿದರೆ ರಂಗೋಲಿ ಪುಡಿಗಿಂತ ನುಣ್ಣಗಿರಬೇಕು. ಒಂದು ಚಹಾ ಚಮಚ ಪುಡಿಯಲ್ಲಿ ಹತ್ತಿರ 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಾರಿಯ ಈ ಅಡುಗೆಗೆ ದಿನಕ್ಕೆ ಮುಕ್ಕಾಲು ಚಮಚ ಸರಿಹೋಗುತ್ತದೆ. ಜಾಸ್ತಿ ಹಾಕಿದರೆ ಇನ್ನೂ ಗಟ್ಟಿ ಆಗುತ್ತದೆ ಅಂತ ಎರಡು ಚಮಚ ಸುರಿಯಬೇಡಿ. ಮರಿಗಳಿಗಂತೂ ಈ ಅಳತೆ ನಡೆಯುವುದೇ ಇಲ್ಲ. ಅವುಗಳ ಲೆಕ್ಕವೇ ಬೇರೆ, ಕಡಿಮೆಯಾದರೂ ಕಾಲು ಸೊಟ್ಟ, ಹೆಚ್ಚಾದರೂ ತೊಂದರೆ. ಮರಿ ಇದ್ದರೆ ಡಾಕ್ಟರನ್ನು ಕೇಳಿಯೇ ಮಾಡಿ.

ಇಷ್ಟೆಲ್ಲ ಮಾಡಿದರೂ ಮನೆ ಅಡುಗೆಯಲ್ಲಿ ಸತು, ಡಿ ವಿಟಮಿನ್, ಇ ವಿಟಮಿನ್, ಅಯೋಡಿನ್ ಕಡಿಮೆ ಬೀಳುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನವರು 2013ರಲ್ಲಿ ನಾಯಿಗಳ 200 ಮನೆ ಅಡುಗೆಗಳ ವಿಧಾನ ಪರೀಕ್ಷಿಸಿದ್ದರು. ಅದರಲ್ಲಿ 95 ಶೇಕಡಾದಲ್ಲಿ ಏನಾದರೊಂದು ಪೋಷಕಾಂಶದ ಕೊರತೆ ಇತ್ತು. ಓದಿ ನನಗೆ ಭಯವೇ ಆಯಿತು. ಮಾಡುತ್ತಿದ್ದ ಅಡುಗೆಯ ಅಳತೆಯನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ದನದ ದವಾಖಾನೆಗೆ ಒಯ್ದೆ. ಅಲ್ಲಿಯ ಡಾಕ್ಟರು ಕೂತು ಓದಿ, ಒಂದು ವಿಟಮಿನ್-ಖನಿಜದ ಪುಡಿ ಬರೆದುಕೊಟ್ಟರು. ಆ ಪುಡಿಯಲ್ಲಿ ಕ್ಯಾಲ್ಸಿಯಂ ಎಷ್ಟಿದೆ ನೋಡಿ ಸಿಪ್ಪೆಯ ಅಳತೆ ಹೊಂದಿಸಬೇಕು ಅಂತಲೂ ಹೇಳಿದರು. ನೀವೂ ಹೀಗೇ ಬರೆದುಕೊಂಡು ಹೋಗಿ. "ನಮ್ಮ ನಾಯಿ ಚಲೋ ಉಣ್ಣತೈತ್ರಿ" ಅಂದರೆ ಯಾವ ಡಾಕ್ಟರಿಗೂ ಏನೂ ತಿಳಿಯುವುದಿಲ್ಲ.

ಇನ್ನು ಚಳಿಯ ವಿಷಯ. ಎಲ್ಲ ನಾಯಿಗೂ ಚಳಿಗಾಲದಲ್ಲಿ ಜಾಸ್ತಿ ಊಟ ಬೇಕು ಅಂತಿಲ್ಲ. ಮನೆಯೊಳಗೆ ಕಂಬಳಿ ಮೇಲೆ ಮಲಗಿ, ಚಳಿಗೆ ಹೊರಗೆ ಹೋಗದ ನಾಯಿಗೆ ಜಾಸ್ತಿ ಹಾಕಿದರೆ ದಪ್ಪ ಆಗುತ್ತದೆ ಅಷ್ಟೇ. ಬೇಕಾಗಿರುವುದು ಹೊರಗೆ ಮಲಗುವ ನಾಯಿಗೆ. ಮೈ ಬಿಸಿ ಕಾಯ್ದುಕೊಳ್ಳುವುದಕ್ಕೇ ಅದರ ಊಟ ಖರ್ಚಾಗುತ್ತದೆ. ನಮ್ಮಲ್ಲಿ ಅದು ಕರಿಯ. ಅವನಿಗೆ ಈ ದಿನಗಳಲ್ಲಿ ಕಾಲು ಭಾಗ ಜಾಸ್ತಿ ಊಟ. ತಾರಿಗೆ ಬೇಸಿಗೆಗಿಂತ ಒಂದು ಚಮಚ ಎಣ್ಣೆ ಮಾತ್ರ ಹೆಚ್ಚು. ಎಣ್ಣೆಯ ಒಂದು ಗ್ರಾಂನಲ್ಲಿ 9 ಕ್ಯಾಲರಿ, ಹಿಟ್ಟಿನಲ್ಲಿ 4. ಹೊಟ್ಟೆ ಭಾರ ಆಗದೆ ಶಕ್ತಿ ಸಿಗುವುದು ಎಣ್ಣೆಯಿಂದಲೇ. ಕುಸುಬೆ ಎಣ್ಣೆ ನಮ್ಮ ಜಿಲ್ಲೆಯದೇ, ಅದರಲ್ಲಿರುವ ಲಿನೋಲಿಕ್ ಆಮ್ಲ ಒಣ ಚರ್ಮಕ್ಕೂ ಕೂದಲಿಗೂ ಒಳ್ಳೆಯದು. ಆದರೆ ದಿಢೀರನೆ ಸುರಿಯಬಾರದು. ಒಮ್ಮೆಲೇ ಜಿಡ್ಡು ಹೆಚ್ಚಾದರೆ ಭೇದಿ ಆಗುತ್ತದೆ, ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿಯೇ ಊದಿಕೊಳ್ಳುತ್ತದೆ. ಹೊಸ ಅಡುಗೆಯನ್ನೂ ಹಾಗೇ, ಹಳೆಯ ಊಟಕ್ಕೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರದಲ್ಲಿ ಪೂರ್ತಿ ಬದಲಿಸಿ.

"ಸಜ್ಜಿ ಉಷ್ಣ, ಸಜ್ಜಿ ಹಾಕು" ಅನ್ನುತ್ತಾರೆ ಅತ್ತೆ. ಜೋಳಕ್ಕಿಂತ ಸಜ್ಜೆಯಲ್ಲಿ ಜಿಡ್ಡು ಸ್ವಲ್ಪ ಜಾಸ್ತಿ ಇರುವುದು ನಿಜ. ವಾರದಲ್ಲಿ ಒಂದೆರಡು ದಿನ ಸಜ್ಜೆ ನುಚ್ಚು ಹಾಕುತ್ತೇನೆ. ಅವರಿಗೂ ಸಮಾಧಾನ, ಕರಿಯನಿಗಂತೂ ಬಲು ಇಷ್ಟ.

ಊಟ ಉಗುರು ಬೆಚ್ಚಗಿರಲಿ. ಬೆರಳು ಅದ್ದಿದರೆ ಹಿತ ಅನ್ನಿಸಬೇಕು, ಸುಡಬಾರದು. ಬೆಚ್ಚಗಿದ್ದರೆ ವಾಸನೆ ಏಳುತ್ತದೆ, ಮೂಗು ಮಂದವಾದ ಮುದಿ ನಾಯಿಯೂ ಎದ್ದು ಬರುತ್ತದೆ. ಕರಿಯನ ಹಲ್ಲು ಸವೆದಿವೆ, ಅವನ ಕೋಳಿಯನ್ನು ಎಳೆ ಎಳೆಯಾಗಿ ಬಿಡಿಸಿ ನುಚ್ಚಿನಲ್ಲಿ ಕಲಸುತ್ತೇನೆ. ಮೊದಲು ಮೂಗು ಒಳಗಿಟ್ಟು ಸುಮ್ನೆ ಉಸಿರೆಳೆದುಕೊಳ್ಳುತ್ತಾನೆ. ಆಮೇಲೆ ಅಂಚಿನಿಂದ ನೆಕ್ಕುತ್ತಾ ನಡುವಿಗೆ ಬರುತ್ತಾನೆ. ಅವಸರವೇ ಇಲ್ಲ. ಅವನು ಉಣ್ಣುವುದನ್ನು ನೋಡುತ್ತಾ ನಿಲ್ಲುವುದು ನನಗೆ ದಿನದ ಒಳ್ಳೆಯ ಹೊತ್ತು. ಚಳಿಯಲ್ಲಿ ನಾಯಿಗಳು ನೀರು ಕಮ್ಮಿ ಕುಡಿಯುತ್ತವೆ, ಅದಕ್ಕೇ ಇಬ್ಬರ ನುಚ್ಚೂ ಅಂಬಲಿಯ ಹಾಗೆ ತೆಳ್ಳಗೆ ಇರುತ್ತದೆ. ಹಾಲಿನ ಬದಲು ಮಜ್ಜಿಗೆ. ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ.

ನಮ್ಮ ಭಾಗದವರು ಮುಖ್ಯವಾಗಿ ಇದನ್ನು ಓದಬೇಕು. ಚಳಿಗಾಲ ಅಂದರೆ ನಮಗೆ ಹಬ್ಬ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ, ಅಂದರೆ ಭೂಮಿತಾಯಿಗೆ ಎಡೆ, ಚೆಲ್ಲಿ ಎಲ್ಲರೂ ಕೂತು ಉಣ್ಣುತ್ತೇವೆ. ನಾಯಿಗಳೂ ಪಕ್ಕದಲ್ಲೇ ಇರುತ್ತವೆ, ಹುಡುಗರು ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ. ಎಣ್ಣೆಗಾಯಿಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇರುತ್ತವೆ. ಹಸಿ ಇರಲಿ, ಬೆಂದಿರಲಿ, ಪುಡಿ ಇರಲಿ, ಇವು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಒಂದೇ ದಿನ ಕಾಣುವುದಿಲ್ಲ, ಕೆಲವು ದಿನ ಬಿಟ್ಟು ವಸಡು ಬೆಳ್ಳಗಾಗಿ ನಾಯಿ ಮಂಕಾಗುತ್ತದೆ. ಸೀತನಿ, ಅಂದರೆ ಸುಟ್ಟ ಎಳೆ ಜೋಳ, ನಾಲ್ಕು ಕಾಳು ಬಿದ್ದರೆ ಏನೂ ಆಗುವುದಿಲ್ಲ. ಸಜ್ಜೆ ರೊಟ್ಟಿಯ ಒಣ ತುಂಡೂ ಸರಿ. ಶೇಂಗಾ ಹೋಳಿಗೆ ಬೇಡ, ಬೆಲ್ಲವೂ ಜಿಡ್ಡೂ ಎರಡೂ ಜಾಸ್ತಿ.

ಎಲ್ಲಕ್ಕಿಂತ ದೊಡ್ಡ ಅಪಾಯ ನಮ್ಮ ಬೆಳೆಯಲ್ಲೇ ಇದೆ. ದ್ರಾಕ್ಷಿ, ಅದಕ್ಕಿಂತ ಒಣದ್ರಾಕ್ಷಿ, ನಾಯಿಯ ಮೂತ್ರಪಿಂಡ ಕೆಡಿಸುತ್ತದೆ. ಕೆಲವು ನಾಯಿ ಮುಷ್ಟಿ ತಿಂದರೂ ಬದುಕುತ್ತದೆ, ಕೆಲವು ಸ್ವಲ್ಪಕ್ಕೇ ಮಲಗುತ್ತದೆ, ಇಂತಿಷ್ಟು ತಿಂದರೆ ಪರವಾಗಿಲ್ಲ ಅಂತ ಹೇಳುವ ಹಾಗಿಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಅಂತ ಪಶುವೈದ್ಯ ವಿಜ್ಞಾನಿಗಳು ಈಚಿನ ವರ್ಷಗಳಲ್ಲಿ ಹೇಳುತ್ತಿದ್ದಾರೆ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಬೇಕಾದಷ್ಟಿದೆ. ಹಾಗಾಗಿ ಉಳಿದ ಸಾರಿನಲ್ಲಿ ರೊಟ್ಟಿ ಮುರಿದು ಹಾಕುವುದನ್ನು ನಮ್ಮ ಮನೆಯಲ್ಲಿ ನಿಲ್ಲಿಸಿದ್ದೇವೆ. ಕೊಯ್ಲು ಶುರುವಾದ ಮೇಲೆ ತಾರಿ ಶೆಡ್ ಕಡೆ ಹೋಗುವಂತಿಲ್ಲ. ಕರಿಯನ ಹಾಸಿಗೆಯನ್ನು ದ್ರಾಕ್ಷಿ ಒಣಗಿಸುವ ತಟ್ಟುಗಳಿಂದ ದೂರ, ಬಾಗಿಲ ಹೊರಗೆ ಗಾಳಿ ತಗಲದ ಮೂಲೆಗೆ ಹಾಕಿ, ಅವನ ಸುತ್ತಲಿನ ನೆಲ ದಿನಾ ಗುಡಿಸಲು ಹೇಳಿದ್ದೇವೆ. ನಿಮ್ಮ ನಾಯಿ ಒಣದ್ರಾಕ್ಷಿ ತಿಂದದ್ದು ಗೊತ್ತಾದರೆ ವಾಂತಿ ಆಗಲಿ, ನೋಡೋಣ ಅಂತ ಕಾಯಬೇಡಿ. ಆಗಲೇ ಗಾಡಿ ಹತ್ತಿಸಿ ದವಾಖಾನೆಗೆ ಹೋಗಿ.

ಊಟ ಸಾಕಾಗುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಕೈಯೇ ಸಾಕು. ವಾರಕ್ಕೊಮ್ಮೆ ಪಕ್ಕೆ ಮೇಲೆ ಅಂಗೈ ಸವರಿ. ಕಾರವಾನಿಗೆ ಹಿಂದಿನ ಎರಡು ಮೂರು ಪಕ್ಕೆಲುಬು ಕಾಣುವುದು ಸರಿ. ಬೆನ್ನುಮೂಳೆ, ಸೊಂಟದ ಎಲುಬು ಚುಚ್ಚುವಂತೆ ಎದ್ದಿದ್ದರೆ ಊಟ ಕಡಿಮೆ ಬಿದ್ದಿದೆ. ಪಕ್ಕೆ ಹುಡುಕಬೇಕಾಗಿ ಬಂದರೆ ನುಚ್ಚು ಕಡಿಮೆ ಮಾಡಿ, ಕೋಳಿ ಮಾತ್ರ ಹಾಗೇ ಇರಲಿ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ನಮ್ಮಲ್ಲಿ ಅದಕ್ಕೂ ಮೊದಲೇ ಬಿಸಿಲು ಚುರುಗುಟ್ಟುತ್ತದೆ. ಸಂಕ್ರಾಂತಿ ದಾಟಿ ರಾತ್ರಿ ಕಂಬಳಿ ಒದೆಯುವ ಹೊತ್ತಿಗೆ ಕರಿಯನ ಹೆಚ್ಚಿನ ಕಾಲು ಭಾಗವನ್ನು ಮೆಲ್ಲಗೆ ಇಳಿಸಿ, ತಾರಿಯ ಎಣ್ಣೆಯನ್ನು ಒಂದು ಚಮಚಕ್ಕೆ ತರುತ್ತೇನೆ. ತತ್ತಿ ಸಿಪ್ಪೆ ಮಾತ್ರ ಬೇಸಿಗೆಯಲ್ಲೂ ಅಷ್ಟೇ ಅಳತೆ.