ಮುದ್ದೆ ಕಟ್ಟುವ ಒದ್ದೆ ಕೈ

ಬಾಸ್ಟನ್‌ನಲ್ಲಿ ಇದು ನನ್ನ ಮೂರನೇ ಚಳಿಗಾಲ. ಅಲ್ಲೇನು ಕೆಲಸ ಅಂತ ಊರಿನವರು ಕೇಳಿದರೆ, ಗಾಯಕ್ಕೆ ಹಚ್ಚುವ ಅಂಟು ಮಾಡುತ್ತೇನೆ ಅನ್ನುತ್ತೇನೆ.

ಹೋದ ವರ್ಷ ಪಾಂಡವಪುರದ ಹತ್ತಿರ ನಮ್ಮ ಗದ್ದೆಯಲ್ಲಿ ಕಬ್ಬು ಕಡಿಯುವಾಗ ಮಚ್ಚು ಜಾರಿ ಅಪ್ಪನ ಕಾಲಿಗೆ ಬಿತ್ತು. ಅಪ್ಪನಿಗೆ ಶುಗರ್ ಇದೆ, ಗಾಯ ಬೇಗ ಮಾಯಲಿಲ್ಲ. ರಜೆಗೆ ಹೋಗಿದ್ದ ನಾನೇ ಡ್ರೆಸ್ಸಿಂಗ್ ಬದಲಾಯಿಸುತ್ತಿದ್ದೆ. ಬಟ್ಟೆ ಗಾಯಕ್ಕೆ ಕಚ್ಚಿಕೊಂಡಿರುತ್ತಿತ್ತು. ಸಲೈನ್ ಹಾಕಿ ನೆನೆಸಿ ಎಳೆದರೂ ಹೊಸದಾಗಿ ಬಂದ ಚರ್ಮ ಜೊತೆಗೇ ಕಿತ್ತು ಬರುತ್ತಿತ್ತು. ಅಪ್ಪ ಮಾತಾಡುತ್ತಿರಲಿಲ್ಲ, ಮಂಚದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ.

ಅಂಟು ಹಿಡಿಯಬೇಕು, ಆದರೆ ತಾನಾಗೇ ಕರಗಿ ಹೋಗಬೇಕು. ಕೀಳುವ ಕೆಲಸವೇ ಇರಬಾರದು. ನಮ್ಮ ಲ್ಯಾಬಿನ ಪಾಡೆಲ್ಲ ಇದೇ.

ಕಷ್ಟ ಎಲ್ಲಿದೆ ಗೊತ್ತಾ? ಅವ್ವ ಮುದ್ದೆ ಕಟ್ಟುವಾಗ ಕೈ ಒದ್ದೆ ಮಾಡಿಕೊಳ್ಳುತ್ತಾಳೆ, ಹಿಟ್ಟು ಅಂಟಬಾರದು ಅಂತ. ನಡುವೆ ನೀರಿನ ತೆಳು ಪದರ ಇದ್ದರೆ ಸಾಕು, ಹಿಡಿತ ಸಿಗುವುದಿಲ್ಲ. ಗಾಯದ ಮೇಲೆ ಯಾವಾಗಲೂ ಆ ನೀರು ಇದ್ದೇ ಇರುತ್ತದೆ. ಸಮುದ್ರದ ಬಂಡೆಗೆ ಕಚ್ಚಿಕೊಳ್ಳುವ ಒಂದು ಜಾತಿಯ ಕಪ್ಪೆಚಿಪ್ಪು ಮಾತ್ರ ಅಲೆ ಹೊಡೆದರೂ ಬಿಡುವುದಿಲ್ಲ. ಅದರ ಅಂಟಿನ ಪ್ರೋಟೀನ್‌ನಲ್ಲಿ ಡೋಪಾ ಅನ್ನುವ ಅಣು ಜಾಸ್ತಿ ಇದೆ. ಅಂಥದ್ದೇ ಪರಮಾಣು ಗುಂಪನ್ನು ನಾವು ಪಾಲಿಮರ್‌ಗೆ, ಅಂದರೆ ಅಣುಗಳ ಉದ್ದ ಸರಪಳಿಗೆ, ಸೇರಿಸುತ್ತೇವೆ.

ಆ ಪಾಲಿಮರ್ ಲ್ಯಾಕ್ಟಿಕ್ ಆಮ್ಲದ ಸರಪಳಿ. ಸಕ್ಕರೆಯನ್ನು ಹುಳಿ ಬರಿಸಿದರೆ ಆ ಆಮ್ಲ ಸಿಗುತ್ತದೆ. ಮೈಯೊಳಗಿನ ನೀರು ಸರಪಳಿಯನ್ನು ನಿಧಾನಕ್ಕೆ ಕತ್ತರಿಸಿ ಮತ್ತೆ ಅದೇ ಆಮ್ಲ ಮಾಡುತ್ತದೆ. ಓಡಿದಾಗ ನಮ್ಮ ಸ್ನಾಯುಗಳಲ್ಲೂ ಅದೇ ಹುಟ್ಟುತ್ತದೆ, ದೇಹಕ್ಕೆ ಹೊಸದೇನಲ್ಲ. ಆದರೆ ಬೇಗ ಒಡೆದರೆ ಆಮ್ಲ ಒಂದೇ ಕಡೆ ನಿಂತು ಗಾಯ ಕೆಂಪಾಗಿ ಊದಿಕೊಳ್ಳುತ್ತದೆ. ಆ ಹದ ಹಿಡಿಯುವುದಕ್ಕೇ ತಿಂಗಳುಗಳು ಬೇಕು.

ನಡುವೆ ಒಂದು ಮಾತು. ಚಿಕ್ಕಪ್ಪ ಬೆರಳು ಕೊಯ್ದುಕೊಂಡಾಗ ಅಂಗಡಿಯ ಸೂಪರ್ ಗ್ಲೂ ಹಾಕಿಕೊಂಡಿದ್ದ, ತಟ್ಟನೆ ಅಂಟುವ ಗಮ್. ದಯವಿಟ್ಟು ಹಾಗೆ ಮಾಡಬೇಡಿ. ಆಸ್ಪತ್ರೆಯಲ್ಲೂ ಅದೇ ಜಾತಿಯ ಅಂಟಿದೆ, 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದರ ಅಣು ಬೇರೆ, ಉದ್ದ. ಅಂಗಡಿಯದು ಚರ್ಮವನ್ನು ಬಿಸಿ ಮಾಡಿ ಸುಡಬಹುದು.

ಪರೀಕ್ಷೆ ಹಂದಿ ಚರ್ಮದ ಮೇಲೆ. ಒದ್ದೆ ಚರ್ಮಕ್ಕೆ ನಮ್ಮ ಅಂಟಿನ ಪಟ್ಟಿ ಒತ್ತಿ, ಎರಡೂ ತುದಿಗೆ ಕ್ಲಾಂಪ್ ಹಾಕಿ, ಮಷೀನು ಎಳೆಯುವುದನ್ನು ನೋಡುತ್ತಾ ನಿಲ್ಲುತ್ತೇನೆ. ಪರದೆಯ ಮೇಲೆ ಎಳೆತದ ಗೆರೆ ಏರುತ್ತಾ ಹೋಗಿ ಪಟ್ ಅಂತ ಬಿದ್ದುಹೋಗುತ್ತದೆ. ಮೊದಲೆಲ್ಲ ಎರಡೇ ನಿಮಿಷಕ್ಕೆ ನೀರಿನಲ್ಲಿ ಬಿಟ್ಟುಕೊಳ್ಳುತ್ತಿದ್ದ ಪಟ್ಟಿ, ಹೋದ ವಾರ ಸಂಜೆವರೆಗೂ ನಿಂತಿತ್ತು. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ.

"ನಮ್ ಕಬ್ಬಿಂದಾನೂ ಆಯ್ತದಾ ಮಗ?" ಅಂದ.

"ಆಯ್ತದೆ ಕಣಪ್ಪ, ಸಕ್ಕರೆ ಯಾವುದಾದರೂ ಸರಿ."

ಇವತ್ತು ಇನ್ನೊಂದು ಪಟ್ಟಿ ನೀರಿಗೆ ಹಾಕಿ ಬಂದಿದ್ದೇನೆ. ಬೆಳಿಗ್ಗೆ ಹೋಗಿ ನೋಡಬೇಕು.